ಹಿಂದೆ ನಿಂತವನು

“ನನ್ನ ಫೋನಿನಾಗ ನೋಡ ನಲಿನಿ, ಹಿಂದಿನ ಕಸ ಎಲ್ಲಾ ಹೆಂಗ ಮಾಯ ಆಗೇತಿ!” ಎಂದು ಅಂಜಲಿ ಹೊಸ ಫೋನನ್ನು ಗೆಳತಿಯ ಮುಖದೆದುರು ಹಿಡಿದಳು. ಹಾವೇರಿಯ ಅವಳ ಮನೆಯ ಪಡಸಾಲೆಯಲ್ಲಿ ಇಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಒಂದೊಂದು ಸೆಲ್ಫಿ ತೆಗೆದು, ಯಾರ ಕ್ಯಾಮೆರಾ ಮೇಲು ಎಂದು ಪಂತಕ್ಕೆ ಬಿದ್ದಿದ್ದರು. ಅಂಜಲಿಯ ಫೋಟೋದಲ್ಲಿ ಎರಡು ಮುಖಗಳು ಫಳಫಳ ಹೊಳೆಯುತ್ತಿದ್ದವು. ಹಿಂದೆ ಬರೀ ಮಂಜು.

ನಲಿನಿ ತನ್ನ ಫೋನು ಚಾಚಿದಳು. ಅದರಲ್ಲಿ ಹಿಂದಿನದೆಲ್ಲ ನಿಚ್ಚಳವಾಗಿತ್ತು. ಬೆಳಿಗ್ಗೆ ಕರ್ಜಗಿಯಿಂದ ರೊಟ್ಟಿಗಂಟು ಹಿಡಿದು ಬಂದಿದ್ದ ಅಂಜಲಿಯ ಅಪ್ಪ ಮಾಲತೇಶಪ್ಪ, ಫೋಟೋ ತೆಗೆಯುತ್ತಿದ್ದಾರೆಂದು ಕುರ್ಚಿ ಬಿಟ್ಟೆದ್ದು, ಅಂಗಿಯ ಕೊರಳ ಗುಂಡಿಯನ್ನೂ ಹಾಕಿಕೊಂಡು, ಎರಡೂ ಕೈ ತೊಡೆಗೆ ಹಚ್ಚಿ ಸೆಟೆದು ನಿಂತಿದ್ದ.

ಅಂಜಲಿ ತಿರುಗಿ ನೋಡಿದಳು. ಅಪ್ಪ ಇನ್ನೂ ಹಾಗೆಯೇ ನಿಂತಿದ್ದ.

“ಮುಗೀತೇನವಾ? ಇನ್ನ ಕುಂದರ್ಲೇನು?”

ಅವಳ ಕಿವಿ ಬಿಸಿಯಾದವು. ತನ್ನ ಫೋನನ್ನು ಓಢಣಿಯಡಿ ಮರೆಮಾಡಿ, ನಲಿನಿಯದನ್ನು ಅವನ ಮುಂದೆ ಹಿಡಿದಳು. ಅಪ್ಪ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ.

“ನಿನ್ನ ಹೊಸಾ ಫೋನು ಭಾರಿ ಐತಿ ಬಿಡವಾ,” ಎಂದ. “ಹಿಂದ ನಿಂತ್ರೂ ನನ್ನ ಬಿಟ್ಟಿಲ್ಲ.”