ಕೊನೇ ಪ್ಯಾರಾ

“ಒಂದು ಕಡೆಯೂ ಹೊಡೆದುಹಾಕಿಲ್ಲ, ತಿದ್ದಿಲ್ಲ. ಯಾರು ಬರೆದುಕೊಟ್ರು?” ಹೈಸ್ಕೂಲ್ ಹುಡುಗಿಯರು ಮನೆಯಲ್ಲೇ ಬರೆದು ತರಬೇಕಿದ್ದ ಸ್ಪರ್ಧೆಯ ಪ್ರಬಂಧವನ್ನು ಮೇಜಿನ ಮೇಲೆ ಹಾಕಿ, ಟೀಚರು ಕತ್ತು ಹೊರಳಿಸಿ ಹುಡುಗಿಯನ್ನು ನೋಡಿದರು. ನಿನ್ನೆಯಷ್ಟೇ ಹೊಲಿಸಿಕೊಂಡು ಬಂದ ಕೋಟಿನ ಕಾಲರು ಸರಪರ ಎಂದಿತು. ಹೊಸದಲ್ಲವೇ, ಎರಡು ದಿನ ಹೀಗೇ ಎಂದುಕೊಂಡರು.

“ನಾನೇ ಬರೆದಿದ್ದು ಮಿಸ್. ರಫ್ ಇದೆ.” ದರ್ಜಿಯ ಮಗಳು ಚೀಲದಿಂದ ಕಂದು ಕಾಗದದ ತುಂಡುಗಳನ್ನು ತೆಗೆದು ಹರಡಿದಳು. ಅವಳಮ್ಮ ಬಟ್ಟೆಯ ಮೇಲಿಟ್ಟು ಗುರುತು ಹಾಕಲು ಕತ್ತರಿಸಿಕೊಂಡಿದ್ದ ಅಳತೆ ಕಾಗದಗಳು ಅವು. ಒಂದು ತೋಳು, ಒಂದು ಜೇಬು, ಅರ್ಧ ಬೆನ್ನು. ತೋಳಿನ ಬಾಗಿಗೆ ತಕ್ಕಂತೆ ಸಾಲುಗಳೂ ಬಾಗಿಕೊಂಡು ಹೋಗಿದ್ದವು. ಹೊಡೆದುಹಾಕಿದ್ದು, ಮತ್ತೆ ಬರೆದಿದ್ದು ಎಲ್ಲ ಇತ್ತು. ಆದರೂ ಟೀಚರ ಅನುಮಾನ ಹೋಗಲಿಲ್ಲ. ಬೆರಳಿಟ್ಟು ಒಂದೊಂದೇ ಸಾಲು ತಾಳೆ ನೋಡಿದರು.

“ಕೊನೇ ಪ್ಯಾರಾ ಇಲ್ವಲ್ಲ? ಇದ್ದಿದ್ರಲ್ಲಿ ಅದೇ ಚೆನ್ನಾಗಿರೋದು. ಸಿಕ್ಕಿಬಿದ್ದೆ ನೋಡು.” ಅವಳ ಹೆಸರಿನ ಮೇಲೆ ಗೀಟು ಎಳೆಯಲು ಕೆಂಪು ಪೆನ್ನು ಎತ್ತಿಕೊಂಡರು.

ಹುಡುಗಿ ತುಟಿ ಕಚ್ಚಿಕೊಂಡಳು. “ಅಮ್ಮನ್ನ ಬೈಯಲ್ಲ ಅಂದ್ರೆ ಹೇಳ್ತೀನಿ ಮಿಸ್.”

“ಹಾಗಾದ್ರೆ ಬರೆದುಕೊಟ್ಟಿದ್ದು ಅಮ್ಮನೇ.”

“ಅಲ್ಲ ಮಿಸ್. ಕಾಲರ್ ನೆಟ್ಟಗೆ ನಿಲ್ಲೋಕೆ ಒಳಗೆ ಬಕ್ರಮ್ ಹಾಕ್ತಾರಲ್ಲ, ಅದು ಮುಗಿದುಹೋಗಿತ್ತು. ನೀವು ಅರ್ಜೆಂಟ್ ಅಂದ್ರಿ. ಅಮ್ಮ ಕೈಗೆ ಸಿಕ್ಕಿದ ಕಾಗದ ಸೇರಿಸಿ ಹೊಲಿದುಬಿಟ್ಲು.”

ಟೀಚರ ಕೈ ಮೆಲ್ಲಗೆ ಕತ್ತಿನ ಹಿಂದಕ್ಕೆ ಹೋಯಿತು. ಕಾಲರು ಸರಪರ ಎಂದಿತು.