ಚೆರ್ರಿ ಹೂ ನೋಡಲು

ನಡುರಾತ್ರಿ ಟಕ್ ಎಂದು ಸಣ್ಣ ಸದ್ದಾಯಿತು. ಅದು ನನ್ನ ಮಣಿಕಟ್ಟಿನ ಮೂಳೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕೈ ತಿರುಚಿದ ಗಂಡನೇ ಬೆಳಗ್ಗೆ ಅತ್ತು, ಕಾಲು ಹಿಡಿದು, ಮುಂದಿನ ತಿಂಗಳು ಜಪಾನಿಗೆ ಹೋಗಿ ಚೆರ್ರಿ ಹೂ ನೋಡೋಣ ಎಂದ. ಹಿಂದೊಮ್ಮೆ ತುಟಿ ಸೀಳಿದಾಗ ಊಟಿ ತೋರಿಸಿದ್ದ.

ನಮ್ಮ ಪ್ರವಾಸದ ಗುಂಪಿನಲ್ಲಿ ಮಂದಾಕಿನಿ ಎಂಬ ನಿವೃತ್ತ ನ್ಯಾಯಾಧೀಶೆ ಇದ್ದರು. ಹೆಂಡತಿಗೆ ಹೊಡೆದ ಎಷ್ಟೋ ಗಂಡಸರನ್ನು ಜೈಲಿಗೆ ಕಳಿಸಿದವರು. ಅವರಿಗೆ ಹೇಳಿದರೆ ದಾರಿ ಸಿಕ್ಕೀತು ಎಂದು ನಾಲ್ಕು ದಿನ ಮಾತು ಜೋಡಿಸಿಕೊಂಡೆ. ಐದನೆಯ ದಿನ ನಮ್ಮಿಬ್ಬರ ಗಂಡಂದಿರೂ ಫೋಟೊ ತೆಗೆಯಲು ಹೊಳೆಯ ಕಡೆ ಹೋದರು. ಹೂ ಬಿಟ್ಟ ಮರದ ಕೆಳಗೆ ನಾವಿಬ್ಬರೇ ಉಳಿದೆವು.

"ಕೈಗೆ ಏನಾಯ್ತಮ್ಮ?" ಅವರೇ ಕೇಳಿದರು.

"ಮೇಡಂ, ನಿಮ್ಮ ಹತ್ರ ಹೇಳ್ಬೇಕು ಅಂತಿದ್ದೆ. ನಮ್ಮನೆಯವರು..." ಪಟ್ಟಿ ಕಟ್ಟಿದ ಕೈಯನ್ನು ಅವರ ಮುಂದೆ ಚಾಚಿದೆ.

ಅವರು ನನ್ನ ಕೈಯ ಪಟ್ಟಿಯನ್ನು ಮೆಲ್ಲಗೆ ಸವರಿದರು. ದೂರದಿಂದ ಅವರ ಗಂಡ ಕೈ ಬೀಸಿದರು. ಇವರೂ ನಗುತ್ತ ಕೈ ಬೀಸಿದರು.

"ಒಂದು ಮಣಿಕಟ್ಟಿಗೆ ಜಪಾನಾ? ನಿಮ್ಮೋರು ಧಾರಾಳಿ ಕಣಮ್ಮ," ಎಂದರು. "ನಂಗೆ ಈ ಟ್ರಿಪ್ಪು ಸಿಕ್ಕಿದ್ದು ಎರಡು ಪಕ್ಕೆಲುಬಿಗೆ."