ಕಾಲು ತಾಸಿನ ಗಿಳಿ

ಸೂಪರ್‌ವೈಸರ್ ಪವಿತ್ರಾ ಮೇಡಂ ಕೊಡೆ ಮಡಚುತ್ತ ಒಳಗೆ ಬಂದಾಗ ಕಾಗಾಲದ ಆ ಅಂಗನವಾಡಿಯಲ್ಲಿ ಬಸ್ಸು ಹೊರಟಿತ್ತು. ಒಂಬತ್ತು ಮಕ್ಕಳು ಗೋಣಿಚೀಲ ಹಾಸಿಕೊಂಡು ಒಬ್ಬರ ಹಿಂದೊಬ್ಬರು ಕುಳಿತಿದ್ದರು. ಸಹಾಯಕಿ ಬಂಗಾರಿ ಕಂಡಕ್ಟರಾಗಿ, "ಗೇರುಸೊಪ್ಪ, ಗೇರುಸೊಪ್ಪ! ಮುಂದೆ ಸರೀರಿ!" ಎಂದು ಕೂಗುತ್ತಿದ್ದಳು. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಅಂಗಳದ ತುಂಬ ನೀರು.

"ಆ ಚೀಲ ತೆಗೀರಿ, ಫೋಟೊದಲ್ಲಿ ಬೀಳೋದು ಬೇಡ," ಎಂದರು ಮೇಡಂ. ಡ್ರೈವರ್ ದೊಡ್ಡದೊಂದು ಪೆಟ್ಟಿಗೆ ತಂದಿಟ್ಟ. ಮಳೆಗಾಲದಲ್ಲಿ ಮಕ್ಕಳಿಗೆ ಒಳಗೇ ಆಟ ಆಡಿಸಿ ಮಧ್ಯಾಹ್ನದೊಳಗೆ ಫೋಟೊ ಕಳಿಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಪೆಟ್ಟಿಗೆಯಲ್ಲಿ ಬಣ್ಣದ ಮರದ ತುಂಡುಗಳು, ಚೆಂಡುಗಳು, ಕೈಗೆ ತೊಡುವ ಬಟ್ಟೆಯ ಗೊಂಬೆಗಳು. ಆಟದ ಸಾಮಾನು ಬೇಕೆಂದು ಮೂರು ವರ್ಷದಿಂದ ಅರ್ಜಿ ಬರೆಯುತ್ತಿದ್ದ ಕಾರ್ಯಕರ್ತೆ ಜಯಶ್ರೀಗೆ ಮಕ್ಕಳಿಗಿಂತ ಹೆಚ್ಚು ಖುಷಿಯಾಯಿತು. ಅವಳೂ ಮೊಬೈಲ್ ತೆಗೆದು ಫೋಟೊ ಹೊಡೆಯತೊಡಗಿದಳು.

ಅಂಕಿತಾ ಹಸಿರು ಗಿಳಿಯೊಳಗೆ ಕೈ ತೂರಿಸಿದಳು. ಮೂರೂವರೆ ವರ್ಷದ ಈ ಹುಡುಗಿ ಜೂನಿನಲ್ಲಿ ಸೇರಿದಾಗಿನಿಂದ ಇಲ್ಲಿ ಒಂದೇ ಒಂದು ಮಾತು ಆಡಿರಲಿಲ್ಲ. ಮನೆಯಲ್ಲಿ ಬಾಯಿ ಮುಚ್ಚುವುದೇ ಇಲ್ಲವಂತೆ. ಇಲ್ಲಿ ಗೋಡೆಗೊರಗಿ ಕುಳಿತರೆ ಮುಗಿಯಿತು. ಮೊನ್ನೆ ಜ್ವರದಿಂದ ಮೈ ಸುಡುತ್ತಿದ್ದರೂ ಹೇಳಿರಲಿಲ್ಲ.

"ಮಳೆ ಬಂತು," ಎಂದಿತು ಗಿಳಿ. "ನಂಗೆ ಹಾರೂಕೆ ಆಗೂದಿಲ್ಲ."

ಬಂಗಾರಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಪಕ್ಕದಲ್ಲಿದ್ದ ಸಂಜಯ, "ಎಂತಕ್ಕೆ?" ಎಂದು ಕೇಳಿದ.

"ರೆಕ್ಕೆ ಒದ್ದೆ. ನಮ್ಮನೇಲಿ ಎಂತ ಅದೆ ಗೊತ್ತಾ? ನಮ್ಮನೇಲಿ..."

"ಸಾಕು, ಚೆನ್ನಾಗಿ ಬಂದಿದೆ. ಎಲ್ಲ ಪೆಟ್ಟಿಗೆಗೆ ತುಂಬಿ," ಎಂದರು ಮೇಡಂ, ತಮ್ಮ ಮೊಬೈಲ್ ನೋಡುತ್ತ.

ಜಯಶ್ರೀಗೆ ಅರ್ಥವಾಗಲಿಲ್ಲ. "ಪೆಟ್ಟಿಗೆ ಇಲ್ಲೇ ಇರೂದಲ್ವಾ?"

"ಇಪ್ಪತ್ತೆರಡು ಅಂಗನವಾಡಿಗೆ ಇದೊಂದೇ ಪೆಟ್ಟಿಗೆ ರೀ. ಇನ್ನೂ ನಾಲ್ಕು ಊರು ಮುಗಿಸಬೇಕು."

"ಒಂದು ನಿಮಿಷ ತಡೀರಿ ಮೇಡಂ. ಅವಳು ಮಾತಾಡ್ತಾ ಇದ್ಳು."

"ಮಕ್ಕಳು ಮಾತಾಡದೆ ಇನ್ನೇನು ಮಾಡ್ತಾವೆ?" ಮೇಡಂ ಬಗ್ಗಿ ಗಿಳಿಯ ಕೊಕ್ಕು ಹಿಡಿದು ಎಳೆದರು. ಅಂಕಿತಾ ಒಳಗೇ ಮುಷ್ಟಿ ಬಿಗಿದಳು. ಮೇಡಂ ಬಟ್ಟೆಯ ಮೇಲಿನಿಂದಲೇ ಒಂದೊಂದೇ ಬೆರಳು ಬಿಡಿಸಿ ಗಿಳಿಯನ್ನು ಕಳಚಿಕೊಂಡರು. ಹುಡುಗಿ ಅಳಲಿಲ್ಲ. ಎದ್ದು ಹೋಗಿ ಗೋಡೆಗೊರಗಿ ಕುಳಿತಳು.

ಹನ್ನೊಂದು ವರ್ಷದ ಕೆಲಸದಲ್ಲಿ ಜಯಶ್ರೀ ಮೇಲಿನವರೆದುರು ಒಮ್ಮೆಯೂ ದನಿ ಏರಿಸಿದವಳಲ್ಲ. ಈಗ ಬಾಗಿಲಿಗೆ ಅಡ್ಡ ನಿಂತಳು.

"ಕೊಟ್ಟು ಕಸಿಯೂಕೆ ನಾಚ್ಕೆ ಆಗೂದಿಲ್ವಾ ಮೇಡಂ? ಕೊಡದೇ ಇದ್ರೂ ಅಡ್ಡಿಲ್ಲಾಗಿತ್ತು. ಬಸ್ಸಾಟ ಆಡ್ಕಂಡು ಇದ್ವು. ಒಂದೂವರೆ ತಿಂಗಳಿಂದ ಆ ಹುಡುಗಿ ಬಾಯಿ ಬಿಟ್ಟಿರ್ಲಿಲ್ಲ, ಇವತ್ತು ಬಿಟ್ಟಿತ್ತು. ಇವು ಮಕ್ಕಳು, ನಿಮ್ಮ ಫೋಟೊಕ್ಕೆ ಜೋಡ್ಸಿಟ್ಟ ಸಾಮಾನಲ್ಲ!" ಮೊಬೈಲ್ ತೆಗೆದು, ತಾನು ಹೊಡೆದಿದ್ದ ಫೋಟೊಗಳನ್ನು ಮೇಡಂ ಎದುರೇ ಒಂದೊಂದಾಗಿ ಅಳಿಸಿದಳು. "ನಮ್ಮಿಂದ ಫೋಟೊ ಬರೂದಿಲ್ಲ. ನೋಟಿಸು ಕೊಡೂದಾದ್ರೆ ಕೊಡಿ."

ಮೇಡಂ ಮುಖ ಕೆಂಪಾಯಿತು. "ನನ್ನ ಮೇಲೂ ಜನ ಇದ್ದಾರೆ, ತಿಳ್ಕೊಳ್ಳಿ," ಎಂದವರೇ ಅವಳನ್ನು ಸರಿಸಿಕೊಂಡು ಹೊರಟರು. ಅವರ ಹಿಂದೆ, ಯಾರ ಮುಖವನ್ನೂ ನೋಡದೆ, ಪೆಟ್ಟಿಗೆ ಹೊತ್ತ ಡ್ರೈವರ್.

ಅರ್ಧ ತಾಸಿನ ಮೇಲೆ ಜಯಶ್ರೀಯ ಮೊಬೈಲ್ ಸದ್ದು ಮಾಡಿತು. ಕಾರ್ಯಕರ್ತೆಯರ ವಾಟ್ಸಾಪ್ ಗುಂಪಿನಲ್ಲಿ ಮೇಡಂ ತಾವೇ ತೆಗೆದ ಫೋಟೊ ಹಾಕಿದ್ದರು: ಕೈಯಲ್ಲಿ ಹಸಿರು ಗಿಳಿ, ಬಾಯಿ ತೆರೆದು ಮಾತಾಡುತ್ತಿರುವ ಅಂಕಿತಾ. ಕೆಳಗೆ ದೊಡ್ಡ ಸಾಹೇಬರ ಸಾಲು: "ಅತ್ಯುತ್ತಮ. ಕಾಗಾಲ ನೋಡಿ ಎಲ್ಲರೂ ಕಲಿಯಿರಿ." ಅದರ ಕೆಳಗೆ ಸಾಲುಸಾಲು ಚಪ್ಪಾಳೆ.

ಜಯಶ್ರೀ ತಲೆಯೆತ್ತಿದಳು. ಗೋಡೆಯ ಬಳಿ ಅಂಕಿತಾ ಬಲಗೈ ಎತ್ತಿ ಹಿಡಿದು, ಹೆಬ್ಬೆರಳಿಗೆ ಉಳಿದ ಬೆರಳು ಕೂಡಿಸುತ್ತ ಬಿಡಿಸುತ್ತ ಕುಳಿತಿದ್ದಳು. ಜಯಶ್ರೀ ಹತ್ತಿರ ಹೋಗಿ ಮೊಣಕಾಲೂರಿ, ಆ ಪುಟ್ಟ ಕೈಗೆ ಕಿವಿ ಕೊಟ್ಟಳು. ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.